ಪಳೆಯುಳಿಕೆ ಕೋಷ್ಟಕ: ಕಾಲಾವಧಿಗಳ ಗಡಿ ತಾಳೆಯಾಗುತ್ತಿಲ್ಲ, ಯಾವ ಸಂಖ್ಯೆ ಸರಿ?

ಚಿಪ್ಪುಸಂಚಿ:
ವಯಸ್ಸನ್ನು ತುಂಬಿದರೆ ಅವಧಿಯ ಹೆಸರು ತಾನಾಗಿ ಮೂಡುವಂತೆ ನನ್ನ ಸಂಗ್ರಹಕ್ಕೆ ಒಂದು ಕೋಷ್ಟಕ ಮಾಡಿದ್ದೇನೆ. ಗಡಿಗಳನ್ನು ಎರಡು ಪುಸ್ತಕಗಳಿಂದ ತೆಗೆದುಕೊಂಡಾಗಿನಿಂದ ಎಲ್ಲವೂ ಗೋಜಲು. 2.2 ದಶಲಕ್ಷ ವರ್ಷದ ಚಿಪ್ಪು ಒಂದರ ಪ್ರಕಾರ ಪ್ಲಿಯೊಸೀನ್, ಇನ್ನೊಂದರ ಪ್ರಕಾರ ಪ್ಲೀಸ್ಟೊಸೀನ್. 540 ಎಂದು ನಮೂದಿಸಿದ್ದ ಬಿಲದ ಗುರುತು (ಪ್ರಾಣಿ ಕೊರೆದ ಬಿಲದ ಪಳೆಯುಳಿಕೆ) ಕೇಂಬ್ರಿಯನ್‌ನಿಂದ ಅದರ ಹಿಂದಿನ ಎಡಿಯಾಕರನ್‌ಗೆ ಜಾರಿದೆ. ಕ್ರಿಟೇಷಿಯಸ್ ಅಂತ್ಯಕ್ಕೆ 65, 65.5, 66 ಮೂರೂ ಸಿಗುತ್ತವೆ. ಯಾವುದನ್ನು ನಂಬಲಿ?

ಸುಣ್ಣಕಲ್ಲು:
ಅಂತರರಾಷ್ಟ್ರೀಯ ಸ್ತರವಿಜ್ಞಾನ (ಶಿಲಾಪದರಗಳ ಅಧ್ಯಯನ) ಆಯೋಗದ ಈಚಿನ ಕಾಲಾವಧಿ ಪಟ್ಟಿಯೊಂದನ್ನೇ ಬಳಸಿ. ಎರಡನ್ನು ಬೆರೆಸಬೇಡಿ.

ಪದರಗಣ್ಣು:
ಅದು ಮುಂದಿನ ಪರಿಷ್ಕರಣೆಯವರೆಗೆ ಮಾತ್ರ ನಡೆಯುತ್ತದೆ. ನಿಮ್ಮ ಮೂರು ತೊಡಕುಗಳಿಗೂ ಕಾರಣ ಬೇರೆ ಬೇರೆ.

ಮೊದಲು 66. ಕಲ್ಲಿನಲ್ಲಿ ಸೇರಿಕೊಂಡ ಆರ್ಗಾನ್ ಅನಿಲದಿಂದ ಕಾಲ ಲೆಕ್ಕಹಾಕುವ ಆರ್ಗಾನ್ ವಿಧಾನದಲ್ಲಿ ಕಲ್ಲಿನ ವಯಸ್ಸನ್ನು ನೇರವಾಗಿ ಅಳೆಯುವುದಿಲ್ಲ, ವಯಸ್ಸು ಗೊತ್ತಿರುವ ಖನಿಜವೊಂದಕ್ಕೆ ಹೋಲಿಸುತ್ತಾರೆ. ಹೆಚ್ಚಾಗಿ ಬಳಸುವುದು ಅಮೆರಿಕದ ಕೊಲರಾಡೊದ ಫಿಶ್ ಕ್ಯಾನ್ಯನ್ ಬೂದಿಶಿಲೆಯ ಸ್ಯಾನಿಡಿನ್. ಅದರ ವಯಸ್ಸನ್ನೇ 2008ರಲ್ಲಿ 28.02ರಿಂದ 28.201 ದಶಲಕ್ಷ ವರ್ಷಕ್ಕೆ ತಿದ್ದಿದರು. ಏರಿಕೆ ಸುಮಾರು ಶೇ. 0.65. ಅದೇ ಪ್ರಮಾಣವನ್ನು 65.5ಕ್ಕೆ ಸೇರಿಸಿ ನೋಡಿ, 65.9 ದಾಟುತ್ತದೆ. ಗಡಿಯ ಪದರ ಕದಲಲಿಲ್ಲ, ಅಳತೆಗೋಲು ತಿದ್ದುಪಡಿಯಾಯಿತು.

ಕೇಂಬ್ರಿಯನ್‌ನದು ಇನ್ನೂ ಸ್ವಾರಸ್ಯಕರ. ಅದರ ತಳವನ್ನು, ಅಂದರೆ ಆರಂಭದ ಗಡಿಯನ್ನು, 1992ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಫಾರ್ಚೂನ್ ಹೆಡ್ ಎಂಬಲ್ಲಿನ ಬಂಡೆಯಲ್ಲಿ ನಿಗದಿಪಡಿಸಿದರು. ಇಂತಹ ಗುರುತಿಗೆ ‘ಚಿನ್ನದ ಮೊಳೆ’ ಎನ್ನುತ್ತಾರೆ. ಆದರೆ ಆ ಗಡಿಯಲ್ಲಿ ವಯಸ್ಸು ತಿಳಿಸಬಲ್ಲ ಜ್ವಾಲಾಮುಖಿ ಬೂದಿ ಇಲ್ಲ. ಹಾಗಾಗಿ ಸಂಖ್ಯೆಯನ್ನು ದೂರದ ಪದರಗಳಿಂದ ಎರವಲು ತರಬೇಕು. ಒಮಾನ್‌ನ ಬೂದಿಯ ಜಿರ್ಕಾನ್ ಹರಳುಗಳು 541 ಕೊಟ್ಟವು, ಆಮೇಲೆ ನಮೀಬಿಯಾದವು 538.8ರತ್ತ ಎಳೆದವು. ನಿಮ್ಮ ಮಾದರಿ ಆ ಗಡಿಗಿಂತ ಮೇಲಿನ ಪದರದ್ದಾದರೆ ಅದು ಇಂದಿಗೂ ಕೇಂಬ್ರಿಯನ್ನೇ, ತಿದ್ದಬೇಕಾದದ್ದು 540 ಎಂಬ ನಮೂದನ್ನು.

ನಿಮ್ಮ ಚಿಪ್ಪಿನದು ಅಳತೆಯ ವಿಷಯವಲ್ಲ, ತೀರ್ಮಾನದ್ದು. 2009ರಲ್ಲಿ ಕ್ವಾಟರ್ನರಿಯ (ಪ್ಲೀಸ್ಟೊಸೀನ್‌ನಿಂದ ಇಂದಿನವರೆಗಿನ ಅವಧಿ) ತಳವನ್ನು 1.8ರಿಂದ 2.58ಕ್ಕೆ ಇಳಿಸಿ, ಆ ನಡುವಿನ ಜೆಲೇಸಿಯನ್ ಹಂತವನ್ನು (ಹಂತವೆಂದರೆ ಅವಧಿಯೊಳಗಿನ ಚಿಕ್ಕ ಭಾಗ) ಪ್ಲಿಯೊಸೀನ್‌ನಿಂದ ಪ್ಲೀಸ್ಟೊಸೀನ್‌ಗೆ ಸೇರಿಸಿದರು. ಉತ್ತರಾರ್ಧಗೋಳದಲ್ಲಿ ಹಿಮಗಟ್ಟುವಿಕೆ ಬಲಗೊಂಡದ್ದು ಆ ಕಾಲದಲ್ಲಿ ಎಂಬುದು ಮುಖ್ಯ ವಾದ. ನನಗದು ಸರಿಯಾದ ನಿರ್ಧಾರವೆನಿಸುತ್ತದೆ, ಆಗ ವಾದವಿವಾದ ಜೋರಾಗಿದ್ದರೂ.

ಆದ್ದರಿಂದ ಸೂತ್ರವನ್ನು ತಿರುಗಿಸಿ. ವಯಸ್ಸಿನಿಂದ ಹೆಸರನ್ನು ಹುಟ್ಟಿಸಬೇಡಿ. ಮಾದರಿ ಬಂದ ಪದರ ಮತ್ತು ಹಂತವನ್ನು ಬರೆದಿಡಿ, ವಯಸ್ಸು ಮತ್ತು ಅವಧಿ ಎರಡನ್ನೂ ಪಟ್ಟಿಯಿಂದ ಬರಿಸಿಕೊಳ್ಳಿ. ಪಟ್ಟಿಯ ವರ್ಷ, ತಿಂಗಳಿಗೆ ಒಂದು ಅಂಕಣ ಕಡ್ಡಾಯ. ಅಳತೆಯ ಅನಿಶ್ಚಿತತೆ ತೋರಿಸುವ ± ಅನ್ನೂ ಬಿಡಬೇಡಿ.

ಚಿಪ್ಪುಸಂಚಿ:
ಚಿಪ್ಪಿಗೆ ‘ಜೆಲೇಸಿಯನ್’ ಎಂದು ಹಾಕಿದೆ, ಸರಿಹೋಯಿತು. ಬರೀ ‘ಟರ್ಷಿಯರಿ’ ಎಂದಿರುವ ಹಳೆಯ ಚೀಟಿಗಳಿಗೆ ಏನು ಮಾಡಲಿ? ಈಗಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ.

ಪದರಗಣ್ಣು:
ಅದರ ಬದಲು ಈಗ ಅಲ್ಲಿರುವುದು ಪೇಲಿಯೊಜೀನ್ ಮತ್ತು ನಿಯೊಜೀನ್ ಎಂಬ ಎರಡು ಅವಧಿಗಳು. ಹಂತ ಗೊತ್ತಿಲ್ಲದೆ ಎರಡರಲ್ಲೊಂದನ್ನು ಊಹಿಸಬೇಡಿ. ಚೀಟಿಯಲ್ಲಿದ್ದುದನ್ನು ಇದ್ದಂತೆಯೇ ‘ಮೂಲ ನಮೂದು’ ಅಂಕಣಕ್ಕೆ ಹಾಕಿ, ಹಂತದ ಅಂಕಣವನ್ನು ಖಾಲಿ ಬಿಡಿ. ಸಿಕ್ಕ ಜಾಗದ ವಿವರವಿದ್ದರೆ ಇಲ್ಲಿ ಹಾಕಿ, ಪದರವನ್ನು ಒಟ್ಟಿಗೆ ಹುಡುಕೋಣ.