ಹೊಟ್ಟೆನೀರಿನಲ್ಲಿ ಪಾಲಿಮಾರ್ಫ್ 250 ದಾಟಿದರೂ ಕಲ್ಚರ್ ಖಾಲಿ, ಯಾಕೆ?

ಥೀಸಿಸ್ ಕಲಬುರಗಿ:
ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ರೋಗಿಗಳ ಹೊಟ್ಟೆನೀರಿನ ಸೋಂಕು, ಅಂದರೆ ಎಸ್‌ಬಿಪಿ, ಥೀಸಿಸ್ ವಿಷಯ. ಕಲಬುರಗಿಯ ಜೊತೆಗೆ ಬೀದರ್, ಯಾದಗಿರಿಯಿಂದಲೂ ಮಾದರಿ ಬರುತ್ತವೆ. ಪಾಲಿಮಾರ್ಫ್ (ಸೋಂಕಿದ್ದಾಗ ಹೆಚ್ಚುವ ಬಿಳಿ ಕಣ) ಎಣಿಕೆ ಘನ ಮಿ.ಮೀ.ಗೆ 250 ದಾಟಿದವರಲ್ಲೂ, ಅಂದರೆ ಸೋಂಕಿದೆ ಎನ್ನಬೇಕಾದವರಲ್ಲೂ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿ 'ನೋ ಗ್ರೋಥ್'. ಸದ್ಯ 20 ಮಿ.ಲೀ. ಎಳೆದು ಸ್ಟೆರೈಲ್ ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸುತ್ತೇವೆ. ಹೊರಗಿನವು ಥರ್ಮೊಕೋಲ್ ಪೆಟ್ಟಿಗೆಯಲ್ಲಿ, ಐಸ್ ಜೊತೆ. ತಪ್ಪು ಎಲ್ಲಿ?

ಅಗಾರ್ ಪ್ಲೇಟ್, ಬೀದರ್:
ಮೊದಲು ಆ ಡಬ್ಬಿ ಬಿಡಿ ಡಾಕ್ಟ್ರೇ. ಎಸ್‌ಬಿಪಿಯಲ್ಲಿ ಬ್ಯಾಕ್ಟೀರಿಯಾ ತೀರಾ ವಿರಳ, ಎಷ್ಟೋ ಸಲ ಮಿ.ಲೀ.ಗೆ ಒಂದೇ ಒಂದು. ಲ್ಯಾಬಿನಲ್ಲಿ ಲೂಪ್ ಅದ್ದಿ ಪ್ಲೇಟಿಗೆ ಎಳೆದರೆ ಸಿಗುವುದು 0.01 ಮಿ.ಲೀ. ಅದರಲ್ಲಿ ಏನು ಬೆಳೆದೀತು? ಹಾಸಿಗೆ ಪಕ್ಕದಲ್ಲೇ ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿ, ಏರೋಬಿಕ್ ಒಂದು, ಅನೇರೋಬಿಕ್ ಒಂದು, ತಲಾ 10 ಮಿ.ಲೀ. ಹಳೆ ವಿಧಾನದಲ್ಲಿ ಹೆಚ್ಚೆಂದರೆ ಅರ್ಧದಷ್ಟು ಸಿಕ್ಕರೆ, ಇದರಲ್ಲಿ ಸುಮಾರು 80% ಸಿಗುತ್ತದೆ.

ಬಾಟಲಿಯ ರಬ್ಬರನ್ನು 70% ಆಲ್ಕೋಹಾಲಿನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಒದ್ದೆಯಲ್ಲೇ ಚುಚ್ಚಿದರೆ ಚರ್ಮದ ಸ್ಟೆಫೈಲೊಕಾಕಸ್ ಬೆಳೆದು ಸುಳ್ಳು ಪಾಸಿಟಿವ್ ಕೈಗೆ ಬರುತ್ತದೆ.

ಟ್ಯಾಪ್ (ಸೂಜಿಯಿಂದ ಹೊಟ್ಟೆನೀರು ಎಳೆಯುವುದು) ಮೊದಲು, ಆಂಟಿಬಯೋಟಿಕ್ ಆಮೇಲೆ. ಸೆಫೊಟ್ಯಾಕ್ಸಿಮ್ ಒಂದೇ ಡೋಸ್ ಹೋಗಿದ್ದರೂ 6 ಗಂಟೆಯೊಳಗೆ ಕಲ್ಚರ್ ಖಾಲಿಯಾಗಬಹುದು. ರೆಫರ್ ಆಗಿ ಬಂದವರ ಚೀಟಿಯಲ್ಲಿ ಇಂಜೆಕ್ಷನ್ ಕೊಟ್ಟ ವೇಳೆ ಹುಡುಕಿ, ಪ್ರೊಫಾರ್ಮಾದಲ್ಲಿ ಅದಕ್ಕೊಂದು ಕಾಲಂ ಮಾಡಿ. ಹಾಗಂತ ಕಲ್ಚರ್ ವರದಿಗೆ ಕಾಯುತ್ತ ಚಿಕಿತ್ಸೆ ತಡಮಾಡಬೇಡಿ, 250 ಬಂತೆಂದರೆ ಶುರು.

ನ್ಯೂಬೌರ್ ಚೇಂಬರ್, ಯಾದಗಿರಿ:
ಬಾಟಲಿ ಮಾತು ಖರೇ ಅದ. ಆದ್ರ ನಿಮ್ಮ 250 ಖರೇ 250 ಹೌದೇನು, ಅದನ್ನೂ ನೋಡ್ರಿ. ನೇರಳೆ ಮುಚ್ಚಳದ, ಗಡ್ಡಿ ಕಟ್ಟದಂಗ ತಡಿಯೋ ಇಡಿಟಿಎ ಟ್ಯೂಬಿಗೆ 3 ಮಿ.ಲೀ. ಹಾಕಿ ಏಳೆಂಟು ಸಲ ಮೆಲ್ಲಕ ಮಗುಚ್ರಿ. ಪ್ಲೇನ್ ಟ್ಯೂಬಿನ್ಯಾಗ ಗಡ್ಡಿ ಕಟ್ಟಿದ್ರ ಕಣ ಅದರಾಗ ಸಿಕ್ಕೊಂಡು ಎಣಿಕಿ ಕಮ್ಮಿ ಬರ್ತದ. ಬಾಡಿ ಫ್ಲೂಯಿಡ್ ಮೋಡ್ ಇಲ್ಲದ ಸೆಲ್ ಕೌಂಟರ್ ನಂಬಬ್ಯಾಡ್ರಿ. ಏನೂ ಬೆರೆಸದ ನೀರು ಕಣ ಎಣಿಸೋ ಗಾಜಿನ ಚೇಂಬರಿಗೆ ಬಿಟ್ಟು, 9 ದೊಡ್ಡ ಚೌಕ ಎಣಿಸಿ 1.1ರಿಂದ ಗುಣಿಸ್ರಿ.

ಸೂಜಿ ರಕ್ತನಾಳಕ್ಕ ತಾಗಿ ನೀರು ಕೆಂಪಾಗಿದ್ರ 250 ಕೆಂಪು ಕಣಕ್ಕ ಒಂದು ಪಾಲಿಮಾರ್ಫ್ ಕಳೀಬೇಕು. ಬಿಳಿ ಕಣ 600, ಅದರಾಗ ಪಾಲಿಮಾರ್ಫ್ 60%, ಅಂದ್ರ 360. ಕೆಂಪು ಕಣ 30,000 ಇದ್ರ 120 ಕಳದು ಉಳಿಯೋದು 240. ಥೀಸಿಸ್ ಪಟ್ಟಿಯಿಂದ ಆ ರೋಗಿ ಹೊರಗ! ಲಿಂಫೊಸೈಟ್ ಜಾಸ್ತಿ ಇದ್ರ ಟಿಬಿ ನೆನಸ್ರಿ, ಎಡಿಎ (ಟಿಬಿ ಸುಳಿವು ಕೊಡೋ ಪರೀಕ್ಷಾ) ಕಳಸ್ರಿ.

ಥೀಸಿಸ್ ಕಲಬುರಗಿ:
ಬೀದರಿನ ಬಾಟಲಿಗಳು ಮೇ ತಿಂಗಳ 42 ಡಿಗ್ರಿಯಲ್ಲಿ ಬಸ್ಸಿನಲ್ಲಿ ಬರುತ್ತವೆ ಮೇಡಂ. ಐಸ್ ಇಡಲೇ?

ಅಗಾರ್ ಪ್ಲೇಟ್, ಬೀದರ್:
ಬೇಡವೇ ಬೇಡ. ತಂಪು ಇಡಿಟಿಎ ಟ್ಯೂಬಿಗೆ ಸರಿ, ಬಾಟಲಿಗಲ್ಲ. ನ್ಯೂಮೊಕಾಕಸ್‌ನಂಥ ನಾಜೂಕಿನವು ಚಳಿಗೆ ಸತ್ತೇಹೋಗುತ್ತವೆ. ಐಸ್ ಇಲ್ಲದ ಥರ್ಮೊಕೋಲ್ ಪೆಟ್ಟಿಗೆ, ನೆರಳು, 20ರಿಂದ 25 ಡಿಗ್ರಿ ಆದರೆ ಉತ್ತಮ. ಡ್ರೈವರ್ ಪಕ್ಕದ ಎಂಜಿನ್ ಮೇಲಂತೂ ಇಡಿಸಬೇಡಿ.

ಬಿಸಿಲಿನದು ಇನ್ನೊಂದು ಮೋಸ. ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಮುಗಿದಿದ್ದರೆ, ಕಲ್ಚರ್ ಮಶಿನ್ ಹುಡುಕುವ ಬೆಳವಣಿಗೆಯ ಏರಿಕೆ ಅಲ್ಲಿ ಇರುವುದೇ ಇಲ್ಲ. 'ನೆಗೆಟಿವ್' ಎನ್ನುತ್ತದೆ. ತಡವಾಗಿ ಬಂದ ಬಾಟಲಿಯಿಂದ ಮಶಿನ್‌ಗೆ ಹಾಕುವ ಮುಂಚೆಯೇ ಗ್ರಾಂ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿ, ಬ್ಲಡ್ ಅಗಾರ್ ಪ್ಲೇಟ್ ಮೇಲೂ ಹಾಕಿಸಿ. ಟ್ಯಾಪ್ ಮಾಡಿದ್ದು, ಮಶಿನ್‌ಗೆ ಹಾಕಿದ್ದು, ಎರಡೂ ವೇಳೆ ಬಾಟಲಿ ಮೇಲೆ ಬರೆಯಲಿ.

ಎರಡು ಮೂರು ಬಗೆ ಒಟ್ಟಿಗೆ ಬೆಳೆದರೆ ಖುಷಿಪಡಬೇಡಿ. ಎಸ್‌ಬಿಪಿಯಲ್ಲಿ ಸಾಮಾನ್ಯವಾಗಿ ಒಂದೇ ಬಗೆ. ಕರುಳು ತೂತಾಗಿದೆಯೇ ನೋಡಿ, ಹೊಟ್ಟೆನೀರಿನಲ್ಲಿ ಡೆಸಿಲೀಟರಿಗೆ ಗ್ಲೂಕೋಸ್ 50 ಮಿ.ಗ್ರಾಂ.ಗಿಂತ ಕೆಳಗೆ, ಪ್ರೋಟೀನ್ 1 ಗ್ರಾಂ ಮೇಲೆ ಇದ್ದರೆ ಅನುಮಾನ ಇನ್ನೂ ಗಟ್ಟಿ. ಥೀಸಿಸ್ ಆಮೇಲೆ, ಮೊದಲು ಸರ್ಜನ್‌ಗೆ ಫೋನ್.