ಹೊರಗಿನ ಕೊಂಡಿಗಳು ಹೊಸ ಟ್ಯಾಬ್‌ನಲ್ಲೇ ತೆರೆಯಬೇಕೆ?

ಪ್ರಶ್ನೆ: ನಾನು ಒಂದು ಸಣ್ಣ ಸಂಸ್ಥೆಯ ಜಾಲತಾಣವನ್ನು ನೋಡಿಕೊಳ್ಳುತ್ತಿದ್ದೇನೆ. ಬೇರೆ ತಾಣಗಳಿಗೆ ಹೋಗುವ ಕೊಂಡಿಗಳೆಲ್ಲ ಹೊಸ ಟ್ಯಾಬ್‌ನಲ್ಲೇ ತೆರೆಯುವಂತೆ ಮಾಡಬೇಕೆಂದು ಮೇಲಿನವರು ಹೇಳುತ್ತಾರೆ. ಹಾಗೆ ಮಾಡದಿದ್ದರೆ ಓದುಗರು ನಮ್ಮ ತಾಣವನ್ನು ಬಿಟ್ಟುಹೋಗುತ್ತಾರೆ ಎಂಬುದು ಅವರ ವಾದ. ಜಾಲತಾಣ ವಿನ್ಯಾಸದ ವೃತ್ತಿಯಲ್ಲಿರುವವರು ದಯವಿಟ್ಟು ತಿಳಿಸಿ, ಇದು ಸರಿಯೇ?

ಉತ್ತರ: ಸರಿಯಲ್ಲ. ಸಾಮಾನ್ಯ ಕೊಂಡಿಯನ್ನು ಹೊಸ ಟ್ಯಾಬ್‌ನಲ್ಲಿ ತೆರೆಯಬೇಕೆನ್ನುವವರಿಗೆ ಬ್ರೌಸರ್‌ನಲ್ಲೇ ದಾರಿಗಳಿವೆ: ಕಂಟ್ರೋಲ್ ಕೀಲಿಯನ್ನು ಹಿಡಿದು ಕ್ಲಿಕ್ ಮಾಡಬಹುದು, ಮೌಸಿನ ನಡುವಿನ ಗಾಲಿಯನ್ನು ಒತ್ತಬಹುದು, ಮೊಬೈಲಿನಲ್ಲಾದರೆ ಕೊಂಡಿಯ ಮೇಲೆ ಬೆರಳನ್ನು ಒತ್ತಿ ಹಿಡಿಯಬಹುದು. ಆದರೆ ನೀವು ಹೊಸ ಟ್ಯಾಬ್‌ಗೆ ಕಟ್ಟಿಹಾಕಿದ ಕೊಂಡಿಯನ್ನು ಇದ್ದ ಟ್ಯಾಬ್‌ನಲ್ಲೇ ತೆರೆಯಬೇಕೆನ್ನುವವರಿಗೆ ಅಷ್ಟು ಸುಲಭದ ದಾರಿ ಯಾವುದೂ ಇಲ್ಲ. ಸುಮ್ಮನೆ ಬಿಟ್ಟರೆ ಇಬ್ಬರಿಗೂ ಅನುಕೂಲ, ಬಲವಂತ ಮಾಡಿದರೆ ಒಬ್ಬರ ಆಯ್ಕೆಯನ್ನು ನೀವೇ ಕಿತ್ತುಕೊಂಡಂತಾಗುತ್ತದೆ.

ಓದುಗರನ್ನು ಉಳಿಸಿಕೊಳ್ಳುವ ವಾದವಂತೂ ತಲೆಕೆಳಗಾದದ್ದು. ಹೋದವರು ಮರಳಲು ಎಲ್ಲಕ್ಕಿಂತ ಹೆಚ್ಚು ಬಳಸುವುದು ಬ್ಯಾಕ್ ಬಟನ್ ಅನ್ನು. ಹೊಸ ಟ್ಯಾಬ್ ತೆರೆದುಕೊಂಡಾಗ ಅದಕ್ಕೆ ಹಿಂದಿನ ಪುಟಗಳ ನೆನಪೇ ಇರುವುದಿಲ್ಲವಾದ್ದರಿಂದ ಆ ಬಟನ್ ಸಾಮಾನ್ಯವಾಗಿ ಮಂಕಾಗಿರುತ್ತದೆ, ಒತ್ತಿದರೂ ಏನೂ ಆಗುವುದಿಲ್ಲ. ಕೆಲವು ಮೊಬೈಲ್ ಬ್ರೌಸರ್‌ಗಳು ಹೊಸ ಟ್ಯಾಬನ್ನು ಮುಚ್ಚಿ ಹಳೆಯದಕ್ಕೆ ಕರೆತರುವುದು ನಿಜ, ಆದರೆ ಎಲ್ಲವೂ ಹಾಗೆ ಮಾಡುವುದಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಟ್ಯಾಬ್‌ಗಳ ಸಾಲಾದರೂ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಅದೂ ಇಲ್ಲ, ಒಂದು ಮೂಲೆಯಲ್ಲಿ ಸಂಖ್ಯೆಯೊಂದು ಮಾತ್ರ ಏರುತ್ತಾ ಹೋಗುತ್ತದೆ. ಪುಟವನ್ನು ಹಿಗ್ಗಿಸಿಕೊಂಡು ಓದುವವರಿಗೂ ಸ್ಕ್ರೀನ್ ರೀಡರ್ ನೆರವಿನಿಂದ ಕೇಳುವವರಿಗೂ ತಾವು ಬೇರೆ ಟ್ಯಾಬ್‌ಗೆ ಬಂದಿದ್ದೇವೆ ಎಂಬುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಹೀಗೆ ಹಿಂದಿರುಗುವ ದಾರಿಯನ್ನು ಮುಚ್ಚಿದವರು ನೀವೇ ಆಗುತ್ತೀರಿ. (ವೃತ್ತಿಯ ಆರಂಭದಲ್ಲಿ ನಾನೂ ಎಲ್ಲ ಕೊಂಡಿಗಳಿಗೂ ಇದನ್ನೇ ಮಾಡುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು.)

ಇದು ಹೊಸ ಚರ್ಚೆಯೇನಲ್ಲ. ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 1999ರಲ್ಲಿ ಬಂದ 4.01 ಆವೃತ್ತಿಯ ಕಟ್ಟುನಿಟ್ಟಿನ ರೂಪದಲ್ಲಿ, ಕೊಂಡಿ ಎಲ್ಲಿ ತೆರೆಯಬೇಕೆಂದು ಹೇಳುವ ಟಾರ್ಗೆಟ್ ಎಂಬ ಗುಣಕ್ಕೆ ಜಾಗವೇ ಇರಲಿಲ್ಲ. ಎಚ್‌ಟಿಎಂಎಲ್5 ಅದನ್ನು ಮತ್ತೆ ಒಪ್ಪಿಕೊಂಡಿತು. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸುಲಭಲಭ್ಯತೆಯ ಮಾರ್ಗದರ್ಶಿಗೆ ಜೋಡಿಸಿರುವ ತಂತ್ರಗಳ ಟಿಪ್ಪಣಿಗಳಾದರೋ ಹೊಸ ಕಿಟಕಿಯನ್ನು ಅಗತ್ಯವಿದ್ದಲ್ಲಿ ಮಾತ್ರ ತೆರೆಯಿರಿ, ತೆರೆಯುವುದಾದರೆ ಮೊದಲೇ ತಿಳಿಸಿ ಎಂದು ಸೂಚಿಸುತ್ತವೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಹಾಗಾದರೆ ಹೊಸ ಟ್ಯಾಬ್ ಎಲ್ಲಿಯೂ ಬೇಡವೇ? ನಮ್ಮಲ್ಲಿ ಉದ್ದದ ಅರ್ಜಿಯೊಂದಿದೆ. ಅದನ್ನು ಅರ್ಧ ತುಂಬಿದವರು ಸಹಾಯದ ಪುಟಕ್ಕೆ ಹೋದರೆ ತುಂಬಿದ್ದೆಲ್ಲ ಅಳಿಸಿಹೋಗುವ ಭಯವಿದೆ.

ಉತ್ತರ: ಅಲ್ಲಿ ಹೊಸ ಟ್ಯಾಬ್ ಸಮರ್ಥನೀಯವೇ, ಏಕೆಂದರೆ ಪುಟವನ್ನು ಬಿಟ್ಟರೆ ಓದುಗರಿಗೇ ನಷ್ಟ. ಆದರೂ ಸಹಾಯದ ಮಾತನ್ನು ಅರ್ಜಿಯ ಆಯಾ ಖಾನೆಯ ಕೆಳಗೇ ಬರೆಯಲು ಸಾಧ್ಯವೇ ಎಂದು ಮೊದಲು ನೋಡಿ. ಸಾಧ್ಯವಿಲ್ಲದಿದ್ದರೆ ಕೊಂಡಿಯ ಪದಗಳಲ್ಲಿಯೇ ‘ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ’ ಎಂದು ಸೇರಿಸಿ. ಬರಿಯ ಚಿತ್ರದ ಗುರುತನ್ನು ಇಟ್ಟು, ಅದಕ್ಕೆ ಪರ್ಯಾಯ ಪಠ್ಯವನ್ನು ಕೊಡದಿದ್ದರೆ ಅದು ಸ್ಕ್ರೀನ್ ರೀಡರ್ ಬಳಸುವವರಿಗೆ ತಲುಪುವುದಿಲ್ಲ.

ಮೊದಲು ಕೇಳಿದವರು: ಧನ್ಯವಾದಗಳು. ಹಳೆಯ ಪುಟಗಳಲ್ಲಿ ಈಗಾಗಲೇ ನೂರಾರು ಕೊಂಡಿಗಳು ಹೀಗೇ ಇವೆ. ಇವುಗಳಿಂದ ಸುರಕ್ಷತೆಗೂ ತೊಂದರೆಯಿದೆ ಎಂದು ಕೇಳಿದ್ದೇನೆ.

ಉತ್ತರ: ಹಿಂದೆ ಇತ್ತು. ಹೊಸ ಟ್ಯಾಬ್‌ನಲ್ಲಿ ತೆರೆದ ಪುಟಕ್ಕೆ ತನ್ನನ್ನು ತೆರೆದ ಪುಟದ ಮೇಲೆ ಒಂದು ಹಿಡಿತ ಸಿಗುತ್ತಿತ್ತು, ಅದನ್ನು ಬಳಸಿಕೊಂಡು ನಿಮ್ಮ ಪುಟದ ಜಾಗದಲ್ಲಿ ನಕಲಿ ಲಾಗಿನ್ ಪುಟವನ್ನು ತಂದಿಡಬಹುದಾಗಿತ್ತು. ಇದನ್ನು ತಡೆಯಲು ಕೊಂಡಿಯ ರೆಲ್ ಎಂಬ ಇನ್ನೊಂದು ಗುಣದಲ್ಲಿ ನೋಓಪನರ್ ಎಂದು ಬರೆಯಬೇಕಿತ್ತು. 2021ರಲ್ಲಿ ಬಂದ ಕ್ರೋಮ್ 88ರಿಂದೀಚೆಗೆ ಟಾರ್ಗೆಟ್ ಗುಣದಲ್ಲಿ, ಹೊಸ ಟ್ಯಾಬ್ ತೆರೆಯಲು ಹೇಳುವ ಅಂಡರ್‌ಸ್ಕೋರ್ ಬ್ಲ್ಯಾಂಕ್ (_blank) ಎಂದು ಬರೆದಿರುವ ಕೊಂಡಿಗಳಿಗೆ ಬ್ರೌಸರೇ ಈ ರಕ್ಷಣೆ ಕೊಡುತ್ತದೆ. ಫೈರ್‌ಫಾಕ್ಸ್ ಮತ್ತು ಸಫಾರಿ ಅದಕ್ಕೂ ಮೊದಲೇ ಕೊಟ್ಟಿದ್ದವು. ಹಳೆಯ ಬ್ರೌಸರ್ ಬಳಸುವವರಿಗೆ ಅಪಾಯ ಉಳಿದೇ ಇದೆ.

ನಿಮ್ಮ ಕೋಡ್‌ನಲ್ಲಿ ಟಾರ್ಗೆಟ್ ಎಂಬ ಪದವನ್ನು ಹುಡುಕಿ, ಅರ್ಜಿಯಂತಹ ಪುಟಗಳನ್ನು ಬಿಟ್ಟು ಉಳಿದೆಡೆ ತೆಗೆದುಹಾಕಿ. ಹುಡುಕುವಾಗ ಅಂಡರ್‌ಸ್ಕೋರ್ ಬ್ಲ್ಯಾಂಕ್ ಬದಲು ‘ನ್ಯೂ’ ಎಂಬ ಹೆಸರನ್ನು ಬರೆದಿರುವ ಸಾಲುಗಳೂ ಸಿಗಬಹುದು. ಅವು ಇನ್ನೂ ಕೆಟ್ಟವು: ಎರಡನೆಯ ಕೊಂಡಿಯನ್ನು ಒತ್ತಿದಾಗ ಮೊದಲ ಕೊಂಡಿ ತೆರೆದಿದ್ದ ಟ್ಯಾಬ್‌ನಲ್ಲೇ ಹೊಸ ಪುಟ ಬಂದು ಕೂರುತ್ತದೆ, ಓದುಗರು ಅಲ್ಲಿ ಅರ್ಧ ಓದಿ ಬಿಟ್ಟಿದ್ದ ಪುಟ ಮಾಯವಾಗಿರುತ್ತದೆ.