ಮಗನಿಗೆ ಇರಾನ್ ಕಡೆಯ ತೈಲ ಹಡಗಿನಲ್ಲಿ ಕೆಲಸ: ಕಳುಹಿಸಬಹುದೇ?

ಮಲ್ಪೆಯ ತಾಯಿ

ನನ್ನ ಯಜಮಾನರು ಮಲ್ಪೆಯಲ್ಲಿ ಬೋಟು ನಡೆಸುವ ತಾಂಡೇಲರು. ಮಗ ಹಡಗಿನ ಸಾಮಾನ್ಯ ಕೆಲಸಗಾರರ ಜಿ.ಪಿ. ರೇಟಿಂಗ್ ತರಬೇತಿ ಮುಗಿಸಿ, ನಾವಿಕರ ಗುರುತಿನ ಪುಸ್ತಕವಾದ ಸಿಡಿಸಿ ಕೈಗೆ ಬಂದು ಒಂದೂವರೆ ವರ್ಷವಾಯಿತು, ಹಡಗು ಸಿಕ್ಕಿಲ್ಲ. ಈಗ ಏಜೆಂಟರೊಬ್ಬರು ಎರಡೂವರೆ ಲಕ್ಷ ಕೊಟ್ಟರೆ ಶಾರ್ಜಾದಲ್ಲಿ ಹಡಗು ಹತ್ತಿಸುತ್ತೇವೆ ಎನ್ನುತ್ತಿದ್ದಾರೆ. ಯಾವ ಬಂದರಿಗೆ ಹೋಗುತ್ತದೆ ಎಂದು ಕೇಳಿದರೆ ‘ದುಬೈ ಲೈನ್’ ಎಂದರು. ಮಗ ಬಿಡದೆ ಕೇಳಿದ ಮೇಲೆ ಇರಾನ್ ಎಂಬ ಮಾತು ಹೊರಬಂತು. ಆ ದೇಶದ ಮೇಲೆ ನಿರ್ಬಂಧವಿದೆಯಲ್ಲ, ಅದು ನಮ್ಮ ಹುಡುಗನಿಗೆ ತಟ್ಟುತ್ತದೆಯೇ? ಬಳೆ ಅಡವಿಡಲು ಹೊರಟಿದ್ದೇವೆ. ತಿಳಿದವರು ಹೇಳಿ.

ನಿವೃತ್ತ ಬೋಸನ್, ಬೈಕಂಪಾಡಿ

ಅಮ್ಮಾ, ನಾನು ಹಡಗಿನ ಡೆಕ್ ಕೆಲಸಗಾರರ ಮೇಸ್ತ್ರಿಯಾಗಿದ್ದವ. ಬಳೆ ಕೈಯಲ್ಲೇ ಇರಲಿ. ನಾವಿಕನಿಂದ ಕೆಲಸಕ್ಕೆಂದು ಹಣ ಪಡೆಯುವುದೇ ಕಾನೂನಿಗೆ ವಿರುದ್ಧ. ಏಜೆಂಟರಿಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿ ಇರಬೇಕು. ಅದರ ಸಂಖ್ಯೆ ಕೇಳಿ, ನಿರ್ದೇಶನಾಲಯದ ಜಾಲತಾಣದಲ್ಲಿ ಮಗನೇ ನೋಡಲಿ.

ಇರಾನ್ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ಇರಾನಿನ ಖಾರ್ಗ್ ದ್ವೀಪದಲ್ಲಿ ಕಚ್ಚಾ ತೈಲ ತುಂಬಿಸಿ ಮಂಗಳೂರಿನ ಪಣಂಬೂರು ಬಂದರಿಗೆ ತಂದ ಹಡಗುಗಳಲ್ಲಿ ನಾನೂ ದುಡಿದಿದ್ದೇನೆ. ನಮ್ಮ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಆಗ ಅವರ ದೊಡ್ಡ ಗಿರಾಕಿ. 2012ರ ಜುಲೈ 1ರಿಂದ ಯುರೋಪಿನವರು ಆ ತೈಲ ಹೊರುವ ಹಡಗುಗಳಿಗೆ ವಿಮೆ ನಿಲ್ಲಿಸಿದಾಗ ಮೊದಲ ಪೆಟ್ಟು ಬಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿಯೂ ಮುಗಿದು, ನಮ್ಮವರು ಕೊಳ್ಳುವುದನ್ನು ಬಿಟ್ಟರು. ಆದರೆ ಖಾರ್ಗ್‌ನಿಂದ ತೈಲ ಹೊರಡುವುದು ನಿಲ್ಲಲಿಲ್ಲ. ವಯಸ್ಸಾದ ಹಡಗುಗಳು ಬಂದವು. ನಿರ್ಬಂಧದ ಕಣ್ಣು ತಪ್ಪಿಸಲು ಅವು, ತಾವು ಎಲ್ಲಿದ್ದೇವೆಂದು ಸಾರುವ ಎಐಎಸ್ ಯಂತ್ರವನ್ನು ಆರಿಸಿ ಹೋಗುತ್ತವೆ. ಮಲೇಷ್ಯಾದ ಹೊರಗಡಲಿನಲ್ಲಿ ಇನ್ನೊಂದು ಹಡಗಿಗೆ ಪಕ್ಕೆ ತಾಗಿಸಿ ನಿಂತು ತೈಲ ದಾಟಿಸುತ್ತವೆ. ಅಲ್ಲಿಂದ ಅದು ಹೆಚ್ಚಾಗಿ ಚೀನಾಕ್ಕೆ.

ಹಡಗಿನ ಹೆಸರನ್ನು ಬರೀ ಬಣ್ಣದಲ್ಲಿ ಬರೆಯುವುದಿಲ್ಲ, ಅಕ್ಷರದ ಅಂಚಿಗೆ ವೆಲ್ಡಿಂಗ್ ಗೆರೆ ಎಳೆದಿರುತ್ತಾರೆ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತು ಹಡಗಿನ ಹಿಂಬದಿಗೆ ಬಣ್ಣ ಬಳಿಯುವಾಗ, ಹೊಸ ಹೆಸರಿನ ನಡುವೆ ಹಳೆಯ ಹೆಸರು ಅಂಗೈಗೆ ತಗಲುತ್ತದೆ. ಒಂದು ಹಡಗಿನಲ್ಲಿ ನನ್ನ ಕೈಗೆ ಮೂರು ಹೆಸರು ಸಿಕ್ಕಿದವು. ಹೆಸರು, ಬಾವುಟ (ಹಡಗು ನೋಂದಾಯಿಸಿದ ದೇಶದ್ದು), ಮಾಲೀಕ ಎಲ್ಲವೂ ಬದಲಾಗುತ್ತವೆ. ಹಡಗಿನ ಗುರುತಾದ ಏಳು ಅಂಕಿಯ ಐಎಂಒ ಸಂಖ್ಯೆ ಮಾತ್ರ ಹಡಗು ಒಡೆಯುವವರೆಗೆ ಅದೇ. ಅದನ್ನು ಕೇಳಿ ತೆಗೆದುಕೊಳ್ಳಿ.

ಕಾಗದವೆಲ್ಲ ಸರಿಯಿದ್ದ ಬ್ರಿಟಿಷ್ ಬಾವುಟದ ‘ಸ್ಟೆನಾ ಇಂಪೆರೊ’ವನ್ನೇ 2019ರ ಜುಲೈಯಲ್ಲಿ ಇರಾನಿನವರು ಹಾರ್ಮುಜ್ ಜಲಸಂಧಿಯಲ್ಲಿ ಹಿಡಿದು ತಮ್ಮ ಬಂದರ್ ಅಬ್ಬಾಸ್ ಬಂದರಿಗೆ ಒಯ್ದರು. ಅದರಲ್ಲಿದ್ದ 23 ಜನರಲ್ಲಿ 18 ಮಂದಿ ನಮ್ಮ ಭಾರತದವರು. ಅವರಿಗಾಗಿ ಕಂಪನಿ ಇತ್ತು, ಸರಕಾರಗಳು ಮಾತಾಡಿದವು. ಸುಳ್ಳು ಬಾವುಟದ ಹಡಗು ಸಿಕ್ಕಿಬಿದ್ದರೆ ಹುಡುಗರ ಪರವಾಗಿ ಫೋನ್ ಎತ್ತುವವರು ಯಾರು? ಮಾಲೀಕ ಮಾಯವಾಗಿರುತ್ತಾನೆ. ಲಂಗರು ಹಾಕಿದ ಹಡಗಿನಲ್ಲಿ ಸಂಬಳವಿಲ್ಲದೆ, ಮಳೆನೀರು ಹಿಡಿದು ಕುಡಿಯುತ್ತಾ ಕುಳಿತವರನ್ನು ನಾನು ಕಂಡಿದ್ದೇನೆ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಪಣಂಬೂರಿನ ಕ್ಲಿಯರಿಂಗ್ ಕಚೇರಿಯಲ್ಲಿರುವವ

ಅಕ್ಕ, ಬೋಸನ್ ಅವರ ಮಾತಿಗೆ ಒಂದು ಸೇರ್ಪಡೆ. ಆಹಾರ, ಔಷಧಿಗೆ ಅಮೆರಿಕದ ನಿರ್ಬಂಧದಲ್ಲೂ ವಿನಾಯಿತಿ ಇದೆ. ಭಾರತದಿಂದ ಬಾಸ್ಮತಿ ಅಕ್ಕಿ, ಚಹಾ ಅಲ್ಲಿಗೆ ಬಹಿರಂಗವಾಗಿಯೇ ಹೋಗಿವೆ. ಹಾರ್ಮುಜ್ ಜಲಸಂಧಿಯ ಹೊರಗಿರುವ ಇರಾನಿನ ಚಾಬಹಾರ್ ಬಂದರಿನ ಟರ್ಮಿನಲ್ ನಡೆಸಲು 2024ರ ಮೇಯಲ್ಲಿ ಭಾರತವೇ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತು. ಸರಿಯಾದ ಸರಕಿನ ಹಡಗಾದರೆ ಏಜೆಂಟರು ಬಂದರಿನ ಹೆಸರು ಮುಚ್ಚಿಡಬೇಕಾಗಿಲ್ಲ.

ಮಲ್ಪೆಯ ತಾಯಿ

ಐಎಂಒ ಸಂಖ್ಯೆ ಕೇಳಿದೆವು. ‘ಶಾರ್ಜಾಕ್ಕೆ ಬಂದ ಮೇಲೆ ಕೊಡುತ್ತೇವೆ, ನಾಳೆಯೊಳಗೆ ಮುಂಗಡ ಹಾಕಿ’ ಎಂದರು. ಪರವಾನಗಿ ಸಂಖ್ಯೆ ಕೇಳಿದ ಮೇಲೆ ಫೋನ್ ಎತ್ತುತ್ತಿಲ್ಲ. ಮಗ ಊಟ ಬಿಟ್ಟು ಮಲಗಿದ್ದಾನೆ.

ನಿವೃತ್ತ ಬೋಸನ್, ಬೈಕಂಪಾಡಿ

ಮಲಗಲಿ, ಬಿಡಿ. ಮನೆಯಲ್ಲಿ ಮಲಗಿದ್ದಾನಲ್ಲ. ಎದ್ದ ಮೇಲೆ ಪರವಾನಗಿ ಇರುವ ಕಂಪನಿಗಳ ಪಟ್ಟಿ ತೆಗೆದು ಒಂದೊಂದಕ್ಕೂ ಅರ್ಜಿ ಹಾಕಲಿ. ಸಾಮಾನು ಹಡಗಾದರೂ ಸರಿ, ಮೊದಲ ಒಪ್ಪಂದ ಮುಗಿಸಿದರೆ ಎರಡನೆಯದು ಸುಲಭ. ಅಲ್ಲಿಯವರೆಗೆ ತಂದೆಯ ಬೋಟಿಗೆ ಹೋಗಲಿ. ಹಗ್ಗದ ಗಂಟು ಮರೆಯುವುದಿಲ್ಲ. ಹೊಸ ಕರಾರು ಪತ್ರ ಬಂದರೆ ಸಹಿ ಹಾಕುವ ಮೊದಲು ಇಲ್ಲಿ ಹಾಕಿ, ಸಾಲು ಸಾಲು ಓದಿ ಹೇಳುತ್ತೇನೆ.